ಹಳೇ ಗಿರಣಿಯ ನೇರಳೆ ವೈನ್

ಅವರು ಮೊದಲ ಸಲ ನಮ್ಮ ಪ್ರೆಸ್ಸಿನ ಮೆಟ್ಟಿಲು ಹತ್ತಿದಾಗ, ಯಾವುದೋ ಮಠದ ಕಾರ್ಯಕ್ರಮಕ್ಕೆ ಆಹ್ವಾನಪತ್ರಿಕೆ ಮಾಡಿಸಲು ಬಂದವರಿರಬೇಕು ಅಂದುಕೊಂಡೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ. ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು ಕೂತು, "ಲೇಬಲ್ ಆಗ್ಬೇಕಿತ್ತು. ವೈನ್ ಬಾಟ್ಲಿಗೆ" ಅಂದರು.

"ಯಾರ ವೈನು ಮೇಡಂ?"

"ನಂದೇ."

ನಾನು ಪೆನ್ನು ಕೆಳಗಿಟ್ಟೆ. ಅವರು ನನ್ನ ಮುಖ ನೋಡಿ ನಗಲೂ ಇಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಅಂಥ ಮುಖಗಳನ್ನು ಲೈಸೆನ್ಸಿಗಾಗಿ ಹತ್ತಿಳಿದ ಪ್ರತಿ ಕಚೇರಿಯಲ್ಲೂ ನೋಡಿ ಅವರಿಗೆ ಅಭ್ಯಾಸವಾಗಿತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಈ ಸಲ ಮಳೆ ಹಿಡಿಯುವ ಹೊತ್ತಿಗೆ ಅವರು ತೀರಿಕೊಂಡರು. ನಿದ್ದೆಯಲ್ಲೇ ಹೃದಯ ನಿಂತಿತಂತೆ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬದುಕಿದ್ದಾಗ ತಮ್ಮ ಬಾಟಲಿಯ ಮೇಲೂ ಅದನ್ನು ಹಾಕಿಸಿಕೊಳ್ಳಲಿಲ್ಲ, ನಾನು ಎಷ್ಟು ಹೇಳಿದರೂ. ಶಿವಮೊಗ್ಗದಲ್ಲಿ ಲೇಬಲ್ಲು, ಪ್ಯಾಕೆಟ್ಟು, ಮದುವೆ ಕಾರ್ಡು ಅಚ್ಚು ಹಾಕಿ ಹೊಟ್ಟೆ ಹೊರೆದುಕೊಂಡ ನನಗೆ ನೂರಾರು ಗಿರಾಕಿಗಳು. ಯಾರ ಬಗ್ಗೆಯೂ ಬರೆಯಬೇಕು ಅನಿಸಿದ್ದಿಲ್ಲ. ಇವರ ಬಗ್ಗೆ ಅನಿಸಿತು.

ನಮ್ಮ ಪರಿಚಯ ಶುರುವಾಗಿದ್ದೇ ಜಗಳದಿಂದ. ನಮ್ಮ ಡಿಸೈನರ್ ಕಂಪ್ಯೂಟರಿನಲ್ಲಿ ಸಿಕ್ಕ ದ್ರಾಕ್ಷಿ ಗೊಂಚಲಿಗೆ ಸ್ವಲ್ಪ ಬಣ್ಣ ತಿದ್ದಿ ಲೇಬಲ್ ಮಾಡಿದ್ದ.

"ಇದು ದ್ರಾಕ್ಷಿ."

"ಕಲರ್ ನೇರಳೆದೇ ಹಾಕಿದೀವಿ ಮೇಡಂ."

"ನೇರಳೆ ಹಣ್ಣು ಹಿಂಗೆ ಒಂದರ ಮೇಲೊಂದು ಕೂತಿರುತ್ತಾ? ಇಲ್ಲ ಮಾರಾಯ್ರೆ, ಬಾಟ್ಲಿ ಮೇಲೇ ಸುಳ್ಳು ಹೇಳಿದ್ರೆ ಒಳಗಿರೋದನ್ನ ಯಾರು ನಂಬ್ತಾರೆ?"

ಮರುದಿನ ಎಲೆ ಸಮೇತ ಒಂದು ನೇರಳೆ ಕೊಂಬೆಯನ್ನೇ ಮುರಿದು ತಂದು ಮೇಜಿನ ಮೇಲೆ ಇಟ್ಟರು. ಅದನ್ನು ನೋಡಿಕೊಂಡು ಕೈಯಲ್ಲಿ ಚಿತ್ರ ಬರೆಸಿದ್ದಾಯಿತು. ಅದನ್ನೂ ವಾಪಸ್ ಕಳಿಸಿದರು, ತೊಟ್ಟು ಸರಿಯಿಲ್ಲ ಅಂತ. ಕೊನೆಗೆ ಒಪ್ಪಿದ ಚಿತ್ರವೇ ಈಗಲೂ ಲೇಬಲ್ ಮೇಲಿದೆ.

ಅವರು ಭದ್ರಾವತಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವರು. ಕಾರ್ಖಾನೆ ನಿಂತಿತು. ಜೊತೆಯವರಲ್ಲಿ ಒಬ್ಬರು ಜೆರಾಕ್ಸ್ ಅಂಗಡಿ ಹಾಕಿದರು, ಒಬ್ಬರು ಇನ್ಶೂರೆನ್ಸ್ ಏಜೆಂಟ್ ಆದರು. ಇವರು ಊರಾಚೆ ಹಾಳುಬಿದ್ದಿದ್ದ ಒಂದು ಅಕ್ಕಿ ಗಿರಣಿಯನ್ನು ಬಾಡಿಗೆಗೆ ಹಿಡಿದರು. ವೈನೇ ಯಾಕೆ ಅಂತ ಕೇಳಿದರೆ ಕಾರ್ಖಾನೆ ಕಾಲೊನಿಯ ರಸ್ತೆಯ ಕಥೆ ಹೇಳುತ್ತಿದ್ದರು. ಅಲ್ಲಿ ಸಾಲಾಗಿ ನೇರಳೆ ಮರಗಳು. ಹಣ್ಣು ಉದುರಿ, ತುಳಿತಕ್ಕೆ ಸಿಕ್ಕಿ, ರಸ್ತೆಯೆಲ್ಲಾ ಕಲೆ. ಎಲ್ಲರೂ ಚಪ್ಪಲಿ ನೋಡಿಕೊಂಡು ಬೈದುಕೊಂಡು ಹೋಗುತ್ತಿದ್ದರು. ಇವರು ಶಿಫ್ಟ್ ಮುಗಿಸಿ ಬರುವಾಗ ಅಲ್ಲಿ ನಿಂತು ಮೂಸುತ್ತಿದ್ದರಂತೆ.

"ಬಿದ್ದ ದಿನ ಒಂದು ವಾಸನೆ, ಎರಡು ದಿನ ಬಿಟ್ರೆ ಇನ್ನೊಂದು. ನೆಲದ ಮೇಲೆ ತಾನಾಗೇ ಆಗ್ತಿದ್ದಿದ್ದನ್ನ ನಾನು ಡ್ರಮ್ಮಲ್ಲಿ ಮಾಡ್ದೆ, ಅಷ್ಟೇ."

ಅಷ್ಟೇ ಅಂದರೂ ಅಷ್ಟೇ ಆಗಿರಲಿಲ್ಲ. ಶಿವಮೊಗ್ಗದ ಆಲ್ಕೊಳದಲ್ಲಿದ್ದ ಅವರ ಮನೆ ತಲೆತಲಾಂತರದಿಂದ ಲಿಂಗಪೂಜೆ ತಪ್ಪದ ಮನೆ. ಗಂಡ ಬ್ಯಾಂಕಿನಲ್ಲಿದ್ದವರು, ಮೆದು ಮನುಷ್ಯ. ಹೆಂಡತಿಗೆ ಬೇಡ ಅಂದಿದ್ದನ್ನು ನಾನು ಕೇಳಿಲ್ಲ, ಅಮ್ಮನಿಗೆ ಎದುರಾಡಿದ್ದನ್ನೂ ಕೇಳಿಲ್ಲ. ಆ ಅಮ್ಮನೇ, ಅಂದರೆ ಇವರ ಅತ್ತೆ, ಸೊಸೆ ವೈನ್ ಮಾಡುತ್ತಾಳೆ ಅಂತ ಗೊತ್ತಾದ ದಿನ ಮಾತು ಬಿಟ್ಟರು. ಎಷ್ಟೋ ದಿನದ ಮೇಲೆ ಒಂದು ಬೆಳಿಗ್ಗೆ ದೇವರ ಮನೆಯಿಂದಲೇ ಕೂಗಿ ಹೇಳಿದರಂತೆ: "ಮಾಡೋದಾದ್ರೆ ಮಾಡು. ನಿನ್ನ ಗಂಟಲಿಂದ ಕೆಳಗೆ ಒಂದು ತೊಟ್ಟು ಇಳೀಬಾರ್ದು. ನಾನು ಅಲ್ಲಿಗೆ ಕಾಲಿಡಲ್ಲ, ನನ್ನ ಕರೀಲೂಬೇಡ."

ಸೊಸೆ ಆ ಮಾತು ಮೀರಲಿಲ್ಲ. ವೈನನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿ, ಪಕ್ಕದ ಬಕೆಟ್ಟಿಗೆ ಉಗಿದು, ನೀರಲ್ಲಿ ಬಾಯಿ ಮುಕ್ಕಳಿಸುತ್ತಿದ್ದರು. ಮುಕ್ಕಾಲು ಕೆಲಸ ಮೂಗಿನದೇ ಅನ್ನುತ್ತಿದ್ದರು. ಗ್ಲಾಸನ್ನು ಮೂಗಿನ ಹತ್ತಿರ ತಂದ ತಕ್ಷಣ ಹುಬ್ಬು ಗಂಟಿಕ್ಕುತ್ತಿತ್ತು ಅಥವಾ ಸಡಿಲಾಗುತ್ತಿತ್ತು. ಅವರ ಜೊತೆ ಕೆಲಸಕ್ಕಿದ್ದ ಸೆಲ್ವಿ, ಕಾರ್ಖಾನೆ ಕ್ವಾರ್ಟರ್ಸಿನಲ್ಲೇ ಬೆಳೆದ ತಮಿಳು ಹೆಂಗಸು, ಆ ಹುಬ್ಬನ್ನು ನೋಡಿಯೇ ಮುಂದಿನ ಕೆಲಸಕ್ಕೆ ಕೈ ಹಚ್ಚುತ್ತಿದ್ದಳು.

ಲೇಬಲ್ ಕೊಡುವ ನೆಪದಲ್ಲಿ ನಾನು ಪ್ರತಿ ವರ್ಷ ಗಿರಣಿಗೆ ಹೋಗುತ್ತಿದ್ದೆ. ಮೊದಲ ವರ್ಷ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು, ಅದರ ಮುಚ್ಚಳದಿಂದ ಹೊರಟ ಕೊಳವೆಗಳು, ನೀರಿನ ಬಾಟಲಿಯಲ್ಲಿ ಬುಳುಬುಳು ಗುಳ್ಳೆ. "ಕಿವಿ ಇಟ್ಟು ಕೇಳಿ" ಅಂದರು. ಇಟ್ಟೆ. ದೂರದಲ್ಲಿ ಮಳೆ ಬರುವ ಹಾಗಿತ್ತು. ಆಮೇಲೆ ಸ್ಟೀಲ್ ಟ್ಯಾಂಕುಗಳು ಬಂದವು, ಕಾರ್ಖಾನೆಯ ಹಳೇ ವೆಲ್ಡರ್ ಒಬ್ಬರಿಂದ ಅಲ್ಲೇ ಭದ್ರಾವತಿಯಲ್ಲಿ ಮಾಡಿಸಿದ್ದು. ನೆಲಕ್ಕೆ ಟೈಲ್ಸ್ ಬಂತು. ಬಾಗಿಲ ಹತ್ತಿರ ಒಂದು ಮೇಜು, ನಾಲ್ಕು ಕುರ್ಚಿ ಬಂದವು. ಸಕ್ರೆಬೈಲಿನಲ್ಲಿ ಆನೆ ನೋಡಿಕೊಂಡು ಬೆಂಗಳೂರಿಗೆ ವಾಪಸಾಗುವ ಕಾರಿನವರು ಬೋರ್ಡ್ ನೋಡಿ ನಿಲ್ಲಿಸತೊಡಗಿದರು.

"ಸ್ವಲ್ಪ ಒಗರಲ್ವಾ ಮೇಡಂ? ಸ್ವೀಟ್ ಇರೋದು ಇಲ್ವಾ?"

"ನೇರಳೆ ಒಗರೇ ಇರುತ್ತೆ. ಸ್ವೀಟ್ ಬೇಕಂದ್ರೆ ಮುಂದೆ ತರೀಕೆರೇಲಿ ಒಳ್ಳೆ ಬೇಕರಿ ಇದೆ."

ನಾನು ಹೊರಗೆ ಕರೆದು, ಹಿಂಗೆ ಮಾತಾಡಿದರೆ ವ್ಯಾಪಾರ ಆಗುತ್ತಾ ಅಂತ ಕೇಳಿದೆ. "ಆಗುತ್ತೆ. ನಿಧಾನಕ್ಕೆ ಆಗುತ್ತೆ" ಅಂದರು. ಅದರಲ್ಲಿ ಅನುಮಾನವೇ ಇರಲಿಲ್ಲ. ನಿಜವಾಗಿಯೂ ನಿಧಾನಕ್ಕೆ ಆಯಿತು.

ಬಾಟಲಿ ತುಂಬಿ ಮುಗಿದ ಮೇಲೆ ಅವರಿಗೊಂದು ವಾರ ಬಿಡುವು. ಆಗ ಸುತ್ತಮುತ್ತಲಿನ ಸಣ್ಣ ವೈನರಿಗಳನ್ನು ನೋಡಿಕೊಂಡು ಬರುವುದು ಅವರ ಕ್ರಮ. ಗೇರುಹಣ್ಣಿನವರು, ಅನಾನಸಿನವರು, ಕೋಕಂನವರು. ಅವರಲ್ಲಿ ಕೆಲವರ ಲೇಬಲ್ಲು ನನ್ನದೇ ಆದ್ದರಿಂದ ನನ್ನನ್ನೂ ತಮ್ಮ ಹಳೇ ಮಾರುತಿಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಬುತ್ತಿ, ನೀರು ಎಲ್ಲಾ ಮನೆಯಿಂದಲೇ. ಹೋದಲ್ಲೆಲ್ಲಾ ಮೊದಲು ನೋಡುತ್ತಿದ್ದದ್ದು ಚರಂಡಿ. "ತೊಳೆಯೋ ನೀರು ಹರಿದ ಗುರುತು ಇಲ್ಲ ಅಂದ್ರೆ ಅಲ್ಲಿ ಕೆಲಸ ನಡೀತಿಲ್ಲ ಅಂತ."

ಸಾಗರದ ಕಡೆ ಒಬ್ಬರಿದ್ದರು. ಮೊದಲ ಸಲ ಹೋದಾಗ ತಗಡಿನ ಶೀಟಿನ ಕೆಳಗೆ ಬರಿಗಾಲಲ್ಲಿ ನಿಂತು, ಮೊಣಕೈವರೆಗೆ ಅನಾನಸಿನ ರಸ ಮೆತ್ತಿಕೊಂಡಿದ್ದ ಮನುಷ್ಯ. ಸ್ಟೀಲ್ ಲೋಟದಲ್ಲಿ ವೈನ್ ಕೊಟ್ಟು, ನಮ್ಮ ಮುಖವನ್ನೇ ಪರೀಕ್ಷೆ ಬರೆದ ಹುಡುಗನ ಹಾಗೆ ನೋಡುತ್ತಾ ನಿಂತಿದ್ದರು. ಮೇಡಂ ಬಾಯಲ್ಲಿ ಹೊರಳಿಸಿ, ಉಗಿದು, "ಇದು ನನ್ನದಕ್ಕಿಂತ ಚೆನ್ನಾಗಿದೆ" ಅಂದಾಗ ಆತನ ಕಣ್ಣಲ್ಲಿ ನೀರಾಡಿತು. ಮುಂದಿನ ವರ್ಷ ಅಲ್ಲಿ ಗಾಜಿನ ಲೋಟ ಬಂದಿತ್ತು. ಅದರಾಚೆ ವರ್ಷ ಹುಲ್ಲುಹಾಸು. ಕೊನೆಯ ಸಲ ಹೋದಾಗ ಗೇಟಿನಲ್ಲಿ ಸೆಕ್ಯೂರಿಟಿ ನಮ್ಮನ್ನು ತಡೆದ. ಒಳಗೆ ಹೂವು ಸುತ್ತಿದ ಉಯ್ಯಾಲೆ, ಫೋಟೋ ತೆಗೆಸಿಕೊಳ್ಳಲು ಒಂದು ದೊಡ್ಡ ಮರದ ಪೀಪಾಯಿ, ಪಿಜ್ಜಾ ಸುಡುವ ಒಲೆ.

"ವೈನಿಗೆ ಯಾರ್ ಬರ್ತಾರೆ ಮೇಡಂ? ಜನ ಬರೋದು ಫೋಟೋಗೆ" ಅಂದರು ಆತ, ಖುಷಿಯಾಗಿಯೇ.

"ಟ್ಯಾಂಕ್ ಎಲ್ಲಿಟ್ಟಿದೀರಿ?"

ಆತ ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದರು. "ಈಗ ರೆಡಿ ವೈನ್ ತರಿಸ್ತೀವಿ. ಇಲ್ಲಿ ಬರೀ ಬಾಟ್ಲಿಂಗು. ರಗಳೆ ಇಲ್ಲ." ಮೇಡಂ ಒಂದು ಟ್ಯಾಂಕಿನ ಮುಚ್ಚಳ ಎತ್ತಿ ಒಳಗೆ ತಲೆ ಹಾಕಿ ಮೂಸಿದರು. ಹೊರಗೆ ಬಂದು, ಆತ ಕೊಟ್ಟ ಪಿಜ್ಜಾವನ್ನು ಚೆನ್ನಾಗಿದೆ ಅಂತ ತಿಂದರು. ವಾಪಸ್ ಬರುವಾಗ ಶಿವಮೊಗ್ಗದ ಹೊಳೆ ಸೇತುವೆ ದಾಟಿದ ಮೇಲೆ ಆ ಮಾತು ತೆಗೆದರು.

"ಎಂಥಾ ಒಳ್ಳೆ ವೈನ್ ಮಾಡ್ತಿದ್ರು ಕಣ್ರೀ ಅವ್ರು." ಮತ್ತೆ ಸ್ವಲ್ಪ ದೂರ ಹೋಗಿ, "ಬೈಯೋಕೆ ನಂಗೆ ಮನಸ್ಸಿಲ್ಲ. ಅವ್ರಿಗೂ ಸಂಸಾರ ಇದೆ. ಆದ್ರೆ ನಾನು ಹಂಗಾಗಲ್ಲ" ಅಂದರು. ನನಗೆ ಹೇಳಿದ್ದಲ್ಲ ಅದು.

ಹಂಗಾಗುವ ಸಂದರ್ಭ ಅವರ ಮನೆ ಬಾಗಿಲಿಗೂ ಬಂತು. ಕೊರೋನಾ ಎರಡನೇ ಸಲ ಬಂದಾಗ ಅವರಿಗೆ ಜ್ವರ ಹಿಡಿಯಿತು. ಆಸ್ಪತ್ರೆಯಿಂದ ಗುಣವಾಗಿ ಬಂದರು. ಅಷ್ಟರಲ್ಲಿ ಹಣ್ಣು ಮುಗಿಯುತ್ತಾ ಬಂದಿತ್ತು. ಸೆಲ್ವಿ ಫೋನಿನಲ್ಲೇ ಕೇಳಿಕೊಂಡು ಟ್ಯಾಂಕುಗಳನ್ನು ತುಂಬಿಸಿದ್ದಳು. ಓಡಾಟಕ್ಕೆ ಬಿಟ್ಟ ಮೇಲೆ ನಾನು ಗಿರಣಿಗೆ ಹೋದಾಗ ಮೇಡಂ ಏಣಿಯ ಮೇಲೆ ನಿಂತು, ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಒಂದು ಟ್ಯಾಂಕಿನ ಬಾಯಿಗೆ ಮುಖ ಕೊಟ್ಟಿದ್ದರು. ಬಹಳ ಹೊತ್ತು ಹಾಗೇ ಇದ್ದರು.

"ಮೇಲೆ ಬನ್ನಿ. ಏನ್ ವಾಸನೆ ಬರ್ತಿದೆ ಹೇಳಿ."

ನಾನು ಹತ್ತಿ ಮೂಸಿದೆ. "ಹುಳಿ ಹುಳಿ. ಮೂಗಿಗೆ ಚುಚ್ಚುತ್ತೆ."

"ಚುಚ್ಚುತ್ತಾ?"

"ಚುಚ್ಚುತ್ತೆ."

ಅವರು ಇಳಿದು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನಂಗೆ ನೀರು ಮೂಸಿದ ಹಂಗಿದೆ. ಬೆಳಿಗ್ಗೆಯಿಂದ ಎಲ್ಲಾ ಟ್ಯಾಂಕೂ ನೋಡ್ದೆ. ಎಲ್ಲಾ ನೀರೇ."

ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸೆಲ್ವಿ ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಸುದ್ದಿ ಹೇಗೋ ಸಾಗರದ ಕಡೆಗೆ ತಲುಪಿತು. ಆ ಪೀಪಾಯಿಯ ಮನುಷ್ಯ ಖುದ್ದಾಗಿ ಬಂದರು. ಕೆಟ್ಟ ಮನಸ್ಸಿನಿಂದಲ್ಲ. "ಈ ವರ್ಷಕ್ಕೆ ಮಾತ್ರ ಮೇಡಂ. ನಾನೇ ರೆಡಿ ವೈನ್ ಕಳಿಸ್ತೀನಿ, ನೀವು ನಿಮ್ ಲೇಬಲ್ ಅಂಟಿಸ್ಕೊಳ್ಳಿ. ಕುಡಿಯೋರಿಗೆ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲ" ಅಂದರು ಮೇಡಂ. ಕಾಫಿ ಕೊಟ್ಟು ಕಳಿಸಿದರು.

ಆದರೆ ಮೂಗು ಬೇಕಲ್ಲ? ನನ್ನ ಮೂಗನ್ನು ಇಂಕು, ಸೀಮೆಎಣ್ಣೆ ಯಾವತ್ತೋ ಕೆಡಿಸಿದ್ದವು. ಚುಚ್ಚುವುದು ಬಿಟ್ಟರೆ ಬೇರೇನೂ ಅದಕ್ಕೆ ತಿಳಿಯುತ್ತಿರಲಿಲ್ಲ. ಸೆಲ್ವಿಗೆ ವರ್ಷವಿಡೀ ನೆಗಡಿ. ಗಂಡ ನಶ್ಯ ಏರಿಸುವವರು. ಉಳಿದಿದ್ದು ಅತ್ತೆ. ಅಡುಗೆಮನೆಗೆ ಕಾಲಿಡುವ ಮೊದಲೇ, ವಾಸನೆಯಿಂದಲೇ ಹಾಲು ಒಡೆಯುತ್ತೆ ಅಂತ ಹೇಳುವವರು ಅವರು. ಕೇಳುವುದಾದರೂ ಹೇಗೆ? ಮೇಡಂ ಒಂದಿಡೀ ದಿನ ಅದನ್ನೇ ಯೋಚಿಸಿ, ಮಾರನೇ ದಿನ ಪೂಜೆ ಮುಗಿಸಿ ಬಂದ ಅತ್ತೆಯ ಎದುರು ನೆಲದ ಮೇಲೆ ಕೂತು ನೇರವಾಗಿ ಕೇಳಿದರಂತೆ.

"ಅತ್ತೆ, ನನ್ನ ಮೂಗು ಹೋಗಿದೆ. ನೀವು ಬಂದು ಮೂಸಬೇಕು. ಬಾಯಿಗೆ ಹಾಕೋದು ಬೇಡ. ಬರಲ್ಲ ಅಂದ್ರೆ ಬೇರೆ ದಾರಿ ಹುಡುಕ್ತೀನಿ. ಆದ್ರೆ ನಿಲ್ಲಿಸಲ್ಲ."

ಅತ್ತೆ ಎದ್ದು ಅಡುಗೆಮನೆಗೆ ಹೋದರಂತೆ. ತಿಂಡಿಯ ಹೊತ್ತಿಗೆ ಒಂದೇ ಪ್ರಶ್ನೆ: "ಅಲ್ಲಿ ಕೂರೋಕೆ ಕುರ್ಚಿ ಇದೆಯಾ?"

ಅವರು ಬಂದ ದಿನ ನಾನಲ್ಲಿದ್ದೆ. ಎಂಬತ್ತರ ಹತ್ತಿರದ ಜೀವ, ನೆಟ್ಟನೆಯ ಬೆನ್ನು, ಬಿಳಿ ಸೀರೆಯ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಕಾರಿನಿಂದ ಇಳಿದರು. ಒಳಗೆ ಬಂದು ಟ್ಯಾಂಕುಗಳನ್ನು, ಟೈಲ್ಸನ್ನು, ಮೂಲೆಯ ಪೊರಕೆಯನ್ನು ಎಲ್ಲಾ ನೋಡಿ, "ಸ್ವಚ್ಛ ಇಟ್ಟಿದೀಯ" ಅಂದರು. ಕುರ್ಚಿಯಲ್ಲಿ ಕೂತರು. ಸೊಸೆ ಒಂದೊಂದೇ ಗ್ಲಾಸು ಮುಂದೆ ಹಿಡಿದರು.

"ಗಬ್ಬು."

"ಇದು?"

"ಇದೂ ಗಬ್ಬು."

"ಇದು ಅತ್ತೆ?"

"ಎಲ್ಲಾ ಗಬ್ಬೇ ಕಣೇ. ಹೆಂಡ ಇನ್ನೇನ್ ನಾರುತ್ತೆ?"

ಸೆಲ್ವಿ ಆ ಕಡೆ ತಿರುಗಿ ನಕ್ಕಳು. ಮೇಡಂ ನಗಲಿಲ್ಲ. "ಆಯ್ತು ಅತ್ತೆ. ನಾಳೆ ಮತ್ತೆ ಬನ್ನಿ" ಅಂದರು. ಮಾರನೇ ದಿನ ವೈನ್ ಕೊಡಲೇ ಇಲ್ಲ. ಸಣ್ಣ ಬಟ್ಟಲುಗಳಲ್ಲಿ ಲವಂಗ, ನೆನೆಸಿದ ಹುಣಸೆ, ತಳ ಹಿಡಿದ ಬೆಲ್ಲದ ಪಾಕ, ಒದ್ದೆ ಗೋಣಿಚೀಲದ ತುಂಡು ಇಟ್ಟು, ಒಂದೊಂದನ್ನೂ ಮೂಸಲು ಹೇಳಿ, ಆಮೇಲೆ ಗ್ಲಾಸು ಕೊಟ್ಟು, "ಇದ್ರಲ್ಲಿ ಅದ್ಯಾವುದಾದ್ರೂ ಇದೆಯಾ ನೋಡಿ" ಅಂದರು. ಅತ್ತೆಗೆ ಬೇಸರ, ಸಿಟ್ಟು. ಒಂದೆರಡು ದಿನ ಬರುವುದಿಲ್ಲ ಅಂತ ಹಟ ಮಾಡಿದರು. ಸೊಸೆ ಪ್ರತಿ ಬೆಳಿಗ್ಗೆ ಕಾರಿನ ಬಾಗಿಲು ತೆಗೆದು ನಿಲ್ಲುತ್ತಿದ್ದರು, ಬಲವಂತ ಮಾಡುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. ಅತ್ತೆ ಗೊಣಗುತ್ತಾ ಬಂದು ಕೂರುತ್ತಿದ್ದರು.

ಒಂದು ದಿನ ಅತ್ತೆ ಗ್ಲಾಸನ್ನು ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿದು, "ಗೋಣಿಚೀಲ ಇದೆ. ಒಳಗೆಲ್ಲೋ" ಅಂದರು. ಮೇಡಂ ಆ ಟ್ಯಾಂಕಿನ ವೈನನ್ನು ಆ ಕೂಡಲೇ ತಳದ ಗಸಿಯಿಂದ ಬೇರೆ ಮಾಡಿಸಿದರು. ಅದು ಉಳಿಯಿತು.

ಎಲ್ಲವೂ ಹೀಗೆ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಇನ್ನೊಂದು ಟ್ಯಾಂಕನ್ನು ಅತ್ತೆ ಚೆನ್ನಾಗಿದೆ ಅಂದಿದ್ದರು. ಅದು ಪೂರ್ತಿ ವಿನೆಗರ್ ಆಗಿ ಚರಂಡಿಗೆ ಹೋಯಿತು. ಮುದುಕಿ ಕುರ್ಚಿಯಲ್ಲಿ ಕುಗ್ಗಿ ಕೂತು, "ನನ್ನಿಂದ ಆಗಲ್ಲ ಕಣೇ, ನಿನ್ನ ವರ್ಷದ ಕೆಲಸ ಹಾಳು ಮಾಡ್ದೆ" ಅಂತ ಕಣ್ಣೊರೆಸಿಕೊಂಡರು.

ಸೊಸೆ ಪೈಪಿನಲ್ಲಿ ನೆಲ ತೊಳೆಯುತ್ತಲೇ ಹೇಳಿದರು: "ನನ್ನ ಮೂಗು ನೆಟ್ಟಗಿದ್ದಾಗಲೇ ನಾನು ಎರಡು ಟ್ಯಾಂಕ್ ಕೆಡಿಸಿದ್ದೆ ಅತ್ತೆ. ನಿಮಗೆ ಹೇಳಿರ್ಲಿಲ್ಲ, ನೀವು ಆಗ ಮಾತಾಡ್ತಿರ್ಲಿಲ್ಲವಲ್ಲ. ಕಾಲು ಮೇಲೆ ಎತ್ಕೊಳ್ಳಿ, ನೀರು ಬರ್ತಿದೆ."

ಅತ್ತೆ ಕಾಲು ಎತ್ತಿಕೊಂಡರು. ಆಮೇಲೆ ಇಬ್ಬರೂ ನಗತೊಡಗಿದರು. ಆ ಶೆಡ್ಡಿನಲ್ಲಿ ಅಂಥ ನಗುವನ್ನು ನಾನು ಮೊದಲು ಕೇಳಿರಲಿಲ್ಲ.

ಆ ವರ್ಷ ಬಾಟಲಿಗಳು ಕಡಿಮೆ. ಇದ್ದಷ್ಟೂ ಅವರೇ ಮಾಡಿದ್ದು. ಮೇಡಂ ಮೂಗು ಮುಂದೆ ಅರೆಬರೆ ವಾಪಸ್ ಬಂತು, ಅದೂ ತಪ್ಪುತಪ್ಪಾಗಿ. ಕಾಫಿ ಸುಟ್ಟ ರಬ್ಬರಿನ ಹಾಗೆ ಅನ್ನುತ್ತಿದ್ದರು, ಕರ್ಪೂರ ತಿಳಿಯುತ್ತಲೇ ಇರಲಿಲ್ಲ. ದಿನಾ ಬೆಳಿಗ್ಗೆ ಆ ಬಟ್ಟಲುಗಳನ್ನು ತಾವೂ ಮೂಸಿ ಅಭ್ಯಾಸ ಮಾಡುತ್ತಿದ್ದರು, ಸಂಗೀತ ಕಲಿಯುವವರು ಸ್ವರ ಹೇಳಿಕೊಳ್ಳುವ ಹಾಗೆ. ಪೂರ್ತಿ ಬರಲಿಲ್ಲ. ಹಾಗಾಗಿ ಅತ್ತೆ ಬರುವುದೂ ನಿಲ್ಲಲಿಲ್ಲ. ಸೋಗಾನೆಯಲ್ಲಿ ಏರ್‌ಪೋರ್ಟ್ ಆದ ಮೇಲೆ ವಿಮಾನದ ಸದ್ದು ಕೇಳಿದರೆ ಕುರ್ಚಿ ಸಮೇತ ಬಾಗಿಲಿಗೆ ಬಂದು ಆಕಾಶ ನೋಡುವರು. ಬಂದ ಗಿರಾಕಿಗಳು ಈ ಅಜ್ಜಿ ಯಾರು ಅಂತ ಕೇಳಿದರೆ ಮೇಡಂ, "ನಮ್ಮ ಮುಖ್ಯ ಪರೀಕ್ಷಕರು" ಅನ್ನುವರು. ಅಜ್ಜಿ ಮುಖ ಗಂಟಿಕ್ಕಿಕೊಳ್ಳುವರು, ಒಳಗೊಳಗೇ ಹಿಗ್ಗುವರು.

ಮೇಡಂ ಅವರನ್ನು ಮಣ್ಣು ಮಾಡಿದ ಮರುದಿನ ನಾನು ಆಲ್ಕೊಳದ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ನೆಂಟರು. ಗಂಡ ಗೋಡೆಗೆ ಒರಗಿ ಕೂತಿದ್ದರು, ಅತ್ತೆ ಒಳಗಿನ ಕೋಣೆಯ ಹೊಸ್ತಿಲಲ್ಲಿ. ಆಗ ಗಂಡನ ಫೋನ್ ಬಡಿದುಕೊಂಡಿತು. ಸೆಲ್ವಿ. ಹತ್ತಿರ ಕೂತಿದ್ದ ನಮಗೆ ಅವಳ ದನಿ ಕೇಳಿಸಿತು.

"ಸಾರ್, ತರೀಕೆರೆ ಕಡೆಯಿಂದ ಹಣ್ಣಿನ ಗಾಡಿ ಬಂದ್ಬಿಟ್ಟಿದೆ. ಅಕ್ಕ ಹೋದ ವಾರವೇ ಹೇಳಿದ್ರಂತೆ. ಗಾಡಿಯವ್ರಿಗೆ ವಿಷಯ ಗೊತ್ತಿಲ್ಲ ಸಾರ್. ಏನ್ ಮಾಡ್ಲಿ?"

"ವಾಪಸ್ ಕಳಿಸಮ್ಮ" ಅಂದರು ಅವರು.

"ಏನಂತೆ?" ಹೊಸ್ತಿಲಿಂದ ಅತ್ತೆ ಕೇಳಿದರು.

"ಏನಿಲ್ಲಮ್ಮ. ಹಣ್ಣು ಬಂದಿದೆಯಂತೆ. ಬೇಡ ಅಂತ ಹೇಳ್ದೆ."

"ಬೇಡ ಅನ್ನೋಕೆ ನೀನ್ಯಾರೋ? ಇಳಿಸ್ಕೊಳ್ಳೋಕೆ ಹೇಳು."

ನೆಂಟರಲ್ಲಿ ಹಿರಿಯರೊಬ್ಬರು ಮೆಲ್ಲಗೆ, "ಅಕ್ಕಾ, ಸಾವಾದ ಮನೆ. ನಾಲ್ಕು ದಿನ ಕಳೀಲಿ" ಅಂದರು.

"ಲಿಂಗ ಕಟ್ಟಿದೋರಿಗೆ ಎಲ್ಲಿಯ ಸೂತಕನಪ್ಪ?" ಮುದುಕಿ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತರು. "ನಾಲ್ಕು ದಿನ ಆ ಹಣ್ಣು ಇರುತ್ತಾ? ನಾಳೆಗೇ ಇರಲ್ಲ. ಅವಳು ಹೇಳಿ ತರಿಸಿದ ಹಣ್ಣು ರಸ್ತೆ ಪಾಲಾಗ್ಬೇಕಾ?" ಆಮೇಲೆ ನನ್ನ ಕಡೆ ತಿರುಗಿದರು. "ನೀವು ಕಾರಲ್ಲಿ ಬಂದಿದೀರಾ?"

ಅತ್ತೆ, ಗಂಡ, ನಾನು ಮೂವರೂ ಹೊರಟೆವು. ಗಿರಣಿಯ ಮುಂದೆ ಗಾಡಿ ನಿಂತಿತ್ತು, ಗಾಡಿಯವನು ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದಿದ್ದ. ಸೆಲ್ವಿ ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ಅಜ್ಜಿ ಅವಳ ತಲೆ ನೇವರಿಸಿ, "ಅಳು. ಅತ್ತು ಮುಗಿಸಿ ಟಬ್ ತೊಳಿ" ಅಂದರು. ಕ್ರೇಟುಗಳನ್ನು ಒಂದೊಂದಾಗಿ ತಮ್ಮ ಕುರ್ಚಿಯ ಮುಂದೆ ಇಡಿಸಿಕೊಂಡು, ಬಗ್ಗಿ ಮೂಸಿ, ಒಂದನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿದರು. "ಇದು ನೆಂದ ಹಣ್ಣು. ಬೇಡ." ಗಾಡಿಯವನು ಅದನ್ನು ಎತ್ತಿ ವಾಪಸ್ ಗಾಡಿಗೆ ಹಾಕಿದ.

ಗಂಡ ಬಾಗಿಲಲ್ಲೇ ನಿಂತಿದ್ದರು. ಇಷ್ಟು ವರ್ಷ ಹೆಂಡತಿಯನ್ನು ಇಲ್ಲಿ ಇಳಿಸಿ ಬ್ಯಾಂಕಿಗೆ ಹೋದವರು, ಹಣ್ಣನ್ನು ಕೈಯಲ್ಲಿ ಮುಟ್ಟಿದವರಲ್ಲ. ಅತ್ತೆ ಕರೆದರು. "ತೋಳು ಮಡಚ್ಕೊಂಡು ಬಾರೋ. ಸೆಲ್ವಿ ಹೇಗೆ ಹೇಳ್ತಾಳೋ ಹಂಗೆ ಹಿಚುಕು. ಬೀಜ ಒಡೀಬಾರ್ದಂತೆ, ಕಹಿ ಬರುತ್ತಂತೆ."

ಅವರು ತೋಳು ಮಡಚಿ ಟಬ್ಬಿನ ಮುಂದೆ ಕೂತರು. ಹಣ್ಣಿನೊಳಗೆ ಎರಡೂ ಕೈ ಇಳಿಸಿ, ಹಿಚುಕತೊಡಗಿದರು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನಾನೂ ಇನ್ನೊಂದು ಟಬ್ಬಿನ ಮುಂದೆ ಕೂತೆ.

ಸಂಜೆ ಬೆಳಕು ಇರುವಾಗಲೇ ಮೊದಲ ಟ್ಯಾಂಕು ತುಂಬಿತು. ಸೆಲ್ವಿ ಯೀಸ್ಟ್ ಕಲಸಿ ಸುರಿದಳು.

"ಮುಚ್ಚಳ ಹಾಕು" ಅಂದರು ಅತ್ತೆ, ಕುರ್ಚಿಯಿಂದ ಏಳುತ್ತಾ. "ಬೆಳಿಗ್ಗೆ ಬಂದು ನೋಡ್ತೀನಿ."